ಸರ್ವರ್ ಮುಚ್ಚಿದರೂ ಆಟ ಸಾಯಬಾರದು

ನಮಸ್ಕಾರ. ಇವತ್ತು ‘ಏಜ್ ಆಫ್ ಎಂಪೈರ್ಸ್ 2’ ಅನ್ನುವ ಯುದ್ಧದ ಕಂಪ್ಯೂಟರ್ ಆಟದ ಬಗ್ಗೆ ಮಾತಾಡೋಣ. ಹೊಸ ಡೆಫಿನಿಟಿವ್ ಎಡಿಷನ್ ಅಲ್ಲ, 1999ರಲ್ಲಿ ಸಿಡಿಯಲ್ಲಿ ಬಂದ ಹಳೇ ಆಟ. ಅದನ್ನು ಈಗಿನ ವಿಂಡೋಸ್‌ನಲ್ಲಿ, ಬೇರೆ ಬೇರೆ ಊರಲ್ಲಿರುವ ಗೆಳೆಯರ ಜೊತೆ ಇವತ್ತಿಗೂ ಆಡಬಹುದು. ಅದನ್ನು ಮಾಡಿದ ಎನ್ಸೆಂಬಲ್ ಸ್ಟುಡಿಯೋಸ್ 2009ರಲ್ಲೇ ಮುಚ್ಚಿಹೋಯಿತು. ಆಟ ಮಾತ್ರ ಉಳಿಯಿತು. ಹೇಗೆ ಉಳಿಯಿತು ಅನ್ನುವುದು ಮುಖ್ಯ.

ಮಲ್ಟಿಪ್ಲೇಯರ್ ಒತ್ತಿದರೆ ಸಂಪರ್ಕಗಳ ಪಟ್ಟಿ ಬರುತ್ತದೆ. ಎಂಎಸ್‌ಎನ್ ಗೇಮಿಂಗ್ ಝೋನ್ ಅನ್ನುವ ಮೈಕ್ರೋಸಾಫ್ಟ್‌ನ ಆನ್‌ಲೈನ್ ತಾಣ ಇದೆ, ಅದು ಸಿಡಿ ಆಟಗಳಿಗೆ 2006ರಲ್ಲೇ ಬಾಗಿಲು ಹಾಕಿತು. ಐಪಿಎಕ್ಸ್ ಅನ್ನುವ ಹಳೇ ನೆಟ್‌ವರ್ಕ್ ಪದ್ಧತಿ ಇದೆ, ವಿಸ್ಟಾದಿಂದ ಈಚೆಗೆ ವಿಂಡೋಸ್‌ನಲ್ಲಿ ಅದೇ ಇಲ್ಲ. ಕೆಲಸಕ್ಕೆ ಬರುವುದು ಇಂಟರ್ನೆಟ್ ಬಳಸುವ ಟಿಸಿಪಿ/ಐಪಿ ಒಂದೇ. ಅದನ್ನು ಆರಿಸಿ ಆಟ ಹುಡುಕಿದರೆ ಒಂದು ಸಣ್ಣ ಖಾಲಿ ಜಾಗ ಕಾಣುತ್ತದೆ. ಎದುರಿನವರ ಕಂಪ್ಯೂಟರಿನ ವಿಳಾಸ ಅಲ್ಲಿ ಬರೆಯಬೇಕು. ಬರೆಯದೆ ಬಿಟ್ಟರೆ ಅದೇ ನೆಟ್‌ವರ್ಕ್‌ನಲ್ಲಿರುವ ಕಂಪ್ಯೂಟರ್‌ಗಳಲ್ಲಿ ಹುಡುಕುತ್ತದೆ. ಈ ಆಟದ ಜೀವ ಇರುವುದು ಆ ಖಾಲಿ ಜಾಗದಲ್ಲಿ. ಮಧ್ಯದಲ್ಲಿ ಯಾವ ಕಂಪನಿಯ ಸರ್ವರ್ ಕೂಡ ಬೇಡ.

ಹಾಗಂತ ಒಂದೇ ಏಟಿಗೆ ಆಗುತ್ತದೆ ಅಂತಲ್ಲ. ಮೊದಲು ಡೈರೆಕ್ಟ್‌ಪ್ಲೇ ಬೇಕು, ಹಳೇ ಆಟಗಳು ನೆಟ್‌ವರ್ಕ್‌ನಲ್ಲಿ ಮಾತಾಡಲು ಬಳಸುವ ವಿಂಡೋಸ್ ಭಾಗ ಅದು. ವಿಂಡೋಸ್ 10ರಲ್ಲಿ ಅದು ಆಫ್ ಆಗಿರುತ್ತದೆ. ‘ವಿಂಡೋಸ್ ಫೀಚರ್ಸ್’ನಲ್ಲಿ ‘ಲೆಗಸಿ ಕಾಂಪೊನೆಂಟ್ಸ್’ ತೆರೆದು ಟಿಕ್ ಹಾಕಿ. ಆಮೇಲೆ ಪೋರ್ಟ್, ಅಂದರೆ ನೆಟ್‌ವರ್ಕ್‌ನಿಂದ ಕಂಪ್ಯೂಟರಿನ ಒಳಗೆ ಬರುವ ನಂಬರ್ ಇರುವ ಬಾಗಿಲು. ಆಟಕ್ಕೆ ಸೇರುವವರು ಹೋಸ್ಟ್, ಅಂದರೆ ಆಟ ಶುರುಮಾಡಿದವರ, ಕಂಪ್ಯೂಟರಿನ 47624ನೇ ಪೋರ್ಟ್ ತಟ್ಟುತ್ತಾರೆ. ಹೋಸ್ಟ್ ತಿರುಗಿ ಇವರ 2300ರಿಂದ 2400ರೊಳಗಿನ ಪೋರ್ಟಿಗೆ ಬರುತ್ತದೆ. ಅಂದರೆ ಎರಡೂ ಕಡೆ ಬಾಗಿಲು ತೆಗೆದಿರಬೇಕು.

ನಮ್ಮಲ್ಲಿ ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ನಿಮ್ಮ ರೂಟರ್ ಪುಟ ತೆರೆದು ವ್ಯಾನ್ ಐಪಿ, ಅಂದರೆ ಹೊರಗಿನ ಕಡೆಯ ವಿಳಾಸ, ನೋಡಿ. ಅದು 100.64ರಿಂದ 100.127ರ ನಡುವೆ ಶುರುವಾದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಅಂದರೆ ಎಷ್ಟೋ ಮನೆಗಳಿಗೆ ಸೇರಿ ಹೊರಗೆ ಒಂದೇ ವಿಳಾಸ. ದೊಡ್ಡ ಅಪಾರ್ಟ್‌ಮೆಂಟಿಗೆ ಕೊರಿಯರ್ ಬಂದಿದೆ, ಮೇಲೆ ಮನೆ ನಂಬರ್ ಇಲ್ಲ, ಹಾಗೆ. ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್ (ಆ ಬಾಗಿಲಿಗೆ ಬಂದದ್ದನ್ನು ನಿಮ್ಮ ಕಂಪ್ಯೂಟರಿಗೆ ಕಳಿಸುವ ಏರ್ಪಾಡು) ಎಷ್ಟು ಮಾಡಿದರೂ ಸುಮ್ನೆ ಶ್ರಮ.

ಅದಕ್ಕೇ ಝೀರೋಟಿಯರ್, ರ‍್ಯಾಡ್ಮಿನ್ ವಿಪಿಎನ್ ಥರದವು ಇರುವುದು, ದೂರದ ಕಂಪ್ಯೂಟರ್‌ಗಳನ್ನು ಒಂದೇ ನೆಟ್‌ವರ್ಕ್‌ನಲ್ಲಿ ಇದ್ದ ಹಾಗೆ ಸೇರಿಸುವ ಪ್ರೋಗ್ರಾಂಗಳು. ಎಲ್ಲರೂ ಹಾಕಿಕೊಂಡು ಒಂದೇ ನೆಟ್‌ವರ್ಕಿಗೆ ಸೇರಿ. ಅದು ಪ್ರತಿಯೊಬ್ಬರಿಗೂ ಒಂದು ಹೊಸ ವಿಳಾಸ ಕೊಡುತ್ತದೆ. ಹೋಸ್ಟ್‌ನ ಆ ವಿಳಾಸವನ್ನು ಖಾಲಿ ಜಾಗದಲ್ಲಿ ಬರೆಯಿರಿ. ಫೈರ್‌ವಾಲ್‌ನಲ್ಲಿ ಆಟಕ್ಕೆ ಅನುಮತಿ ಕೊಟ್ಟಿದ್ದೀರಾ ನೋಡಿಕೊಳ್ಳಿ. ಇಷ್ಟಾದರೆ ಊರು ಯಾವುದಾದರೂ ಒಂದೇ ರೂಮಿನಲ್ಲಿ ಕೂತು ಆಡಿದ ಹಾಗೆ.

ಎಲ್ಲರ ಹತ್ತಿರ ಒಂದೇ ವರ್ಷನ್ ಇರಲೇಬೇಕು. ಇದರ ವಿಸ್ತರಣೆ ‘ಕಾಂಕರರ್ಸ್’ ಆದರೆ 1.0ಸಿ. ಇದರ ಹಿಂದಿನ ಕಾರಣ ನನಗೆ ತುಂಬಾ ಇಷ್ಟ. ಈ ಆಟ ಸೈನಿಕರು ಎಲ್ಲೆಲ್ಲಿ ಇದ್ದಾರೆ ಅಂತ ಕಳಿಸುವುದೇ ಇಲ್ಲ. ‘ಈ ಕುದುರೆ ಸವಾರರು ಅಲ್ಲಿಗೆ ಹೋಗಲಿ’ ಅನ್ನುವ ಆಜ್ಞೆ ಮಾತ್ರ ಹೋಗುತ್ತದೆ. ಉಳಿದ ಯುದ್ಧವನ್ನೆಲ್ಲ ಪ್ರತಿ ಕಂಪ್ಯೂಟರ್ ತಾನೇ ಲೆಕ್ಕ ಹಾಕುತ್ತದೆ. ಲೆಕ್ಕ ಒಂದು ಚೂರು ತಪ್ಪಿದರೂ ಆಟ ನಿಲ್ಲುತ್ತದೆ. ಆ ಕಾಲದ 28.8 ಕೆಬಿಪಿಎಸ್ ಮೋಡೆಮ್‌ನಲ್ಲೂ ಓಡಲಿ ಅಂತ ಹುಡುಕಿದ ದಾರಿ ಇದು. ಎಂಥ ಜಾಣ ಕೆಲಸ, ಅಲ್ವಾ?

ಈಗ ‘ದಿ ಕ್ರೂ’ ನೋಡಿ. ಯೂಬಿಸಾಫ್ಟ್ 2014ರಲ್ಲಿ ತಂದ ಕಾರ್ ರೇಸ್ ಆಟ. 2024ರ ಮಾರ್ಚ್ 31ಕ್ಕೆ ಸರ್ವರ್ ನಿಲ್ಲಿಸಿದರು. ಒಬ್ಬರೇ ಆಡುವುದಕ್ಕೂ ಸರ್ವರ್ ಬೇಕಿತ್ತು, ಹಾಗಾಗಿ ದುಡ್ಡು ಕೊಟ್ಟು ಡಿಸ್ಕ್ ತಂದವರ ಕೈಯಲ್ಲೂ ಏನೂ ಉಳಿಯಲಿಲ್ಲ. ಇದಕ್ಕಿಂತ ಹದಿನೈದು ವರ್ಷ ಹಳೆಯ ‘ಏಜ್ ಆಫ್ ಎಂಪೈರ್ಸ್ 2’ ಓಡುತ್ತದೆ, ಇದು ಓಡುವುದಿಲ್ಲ. ನನಗೆ ಇದು ಅನ್ಯಾಯ ಅನಿಸುತ್ತದೆ. ಆಮೇಲೆ ಶುರುವಾದ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿಯ ಅರ್ಜಿಗೆ ಯುರೋಪಿನಲ್ಲಿ 10 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಮಾರಿದ ಆಟವನ್ನು ಹೀಗೆ ಕೊಲ್ಲಬೇಡಿ ಅನ್ನುವ ಅವರ ಮಾತು ಸರಿ ಇದೆ.

ಸರ್ವರ್ ನಡೆಸುವುದಕ್ಕೆ ಖರ್ಚು ಬರುತ್ತದೆ, ಒಪ್ಪಿದೆ. ಕೊನೇವರೆಗೂ ನಡೆಸಿ ಅಂತ ನಾನು ಕೇಳುತ್ತಿಲ್ಲ. ಐಡಿ ಸಾಫ್ಟ್‌ವೇರ್ 1996ರ ‘ಕ್ವೇಕ್’ ಆಟದ ಮೂಲ ಕೋಡನ್ನು 1999ರಲ್ಲೇ ಎಲ್ಲರಿಗೂ ಬಿಟ್ಟುಕೊಟ್ಟಿತು. ಅಷ್ಟು ಕೂಡ ಬೇಡ. ನಿಲ್ಲಿಸುವ ದಿನ ಸರ್ವರ್ ಪ್ರೋಗ್ರಾಂ ನಮ್ಮ ಕೈಗೆ ಕೊಡಿ, ವಿಳಾಸ ಬರೆಯಲು ಒಂದು ಜಾಗ ಇಡಿ. ನಡೆಸುವ ಖರ್ಚು ನಾವು ನೋಡಿಕೊಳ್ಳುತ್ತೇವೆ.