ಪ್ರಾಗ್‌ನ ಗಂಟೆ, ಮಾಟುಂಗಾದ ಬ್ಯಾಂಡು

ಕೇಳುಗರೇ, ನಮಸ್ಕಾರ.

ಮದುವೆ ಸೀಸನ್ ಬಂತೆಂದರೆ ಮಾಟುಂಗಾದ ನಮ್ಮ ಬೀದಿಗೆ ಬ್ಯಾಂಡಿನವರು ಬರುತ್ತಲೇ ಇರುತ್ತಾರೆ. ಮೊನ್ನೆ ಬಾಲ್ಕನಿಯಲ್ಲಿ ನಿಂತು ನೋಡುತ್ತಿದ್ದೆ. ಮೆರವಣಿಗೆ ಇನ್ನೂ ಹೊರಟಿರಲಿಲ್ಲ. ವಯಸ್ಸಾದ ವಾದಕರೊಬ್ಬರು ಫುಟ್‌ಪಾತಿನ ಅಂಚಿಗೆ ಕೂತು, ಟ್ರಂಪೆಟ್ಟನ್ನು ವಾಲಿಸಿ, ಕೆಳಗಿನ ಪುಟ್ಟ ಕೀಲಿ ಒತ್ತಿ ಒಮ್ಮೆ ಊದಿದರು. ಒಳಗೆ ನಿಂತಿದ್ದ ನೀರು ನೆಲಕ್ಕೆ ತೊಟ್ಟಿಕ್ಕಿತು. ಅದು ಅವರದೇ ಉಸಿರು, ತಣ್ಣಗಾಗಿ ನೀರಾದದ್ದು. ತುಟಿ ಒರೆಸಿಕೊಂಡು ಮತ್ತೆ ಎದ್ದರು.

ಬ್ಯಾಂಡ್ ಅಂದರೆ ನಮಗೆ ಮದುವೆ, ಗಣಪತಿ ಮೆರವಣಿಗೆ, ಇಲ್ಲವೇ ಡಿಸೆಂಬರ್‌ನಲ್ಲಿ ಗೇಟ್‌ವೇ ಆಫ್ ಇಂಡಿಯಾದ ಮುಂದೆ ನೌಕಾಪಡೆಯವರ ಬೀಟಿಂಗ್ ರಿಟ್ರೀಟ್. ಸಂಭ್ರಮಕ್ಕೆ ಬ್ಯಾಂಡು, ಸಂಕಟಕ್ಕೆ ಸಾರಂಗಿ, ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ಬ್ಯಾಂಡಿಗೆಂದೇ ಬರೆದ ‘ಮ್ಯೂಸಿಕ್ ಫಾರ್ ಪ್ರಾಗ್ 1968’ ಎಂಬ ಕೃತಿ ಕೇಳಿದ ಮೇಲೆ ಆ ಮಾತು ಬಿಟ್ಟೆ.

ಇದನ್ನು ಬರೆದವರು ಕರೆಲ್ ಹೂಸ. 1921ರಲ್ಲಿ ಆಗಿನ ಚೆಕೊಸ್ಲೊವಾಕಿಯದ ರಾಜಧಾನಿ ಪ್ರಾಗ್‌ನಲ್ಲೇ ಹುಟ್ಟಿದವರು. 1954ರಿಂದ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಮೇಷ್ಟರಾಗಿದ್ದರು. 1968ರ ಆಗಸ್ಟ್‌ನಲ್ಲಿ ಸೋವಿಯತ್ ಟ್ಯಾಂಕುಗಳು ಪ್ರಾಗ್‌ಗೆ ನುಗ್ಗಿದವು. ಆ ಸುದ್ದಿ ಅವರನ್ನು ತಲುಪಿದ್ದು ರೇಡಿಯೊದಲ್ಲಿ, ಸಾವಿರಾರು ಮೈಲಿ ಆಚೆ, ಒಂದು ಸರೋವರದ ದಂಡೆಯಲ್ಲಿ. ಅದೇ ಹೊತ್ತಿಗೆ ಪ್ರಾಗ್‌ನ ರೇಡಿಯೊ ಕೇಂದ್ರದ ಮುಂದೆ ಜನ ಬೀದಿಗೆ ಅಡ್ಡ ಕಟ್ಟಿ ಟ್ಯಾಂಕುಗಳನ್ನು ತಡೆಯುತ್ತಿದ್ದರು. ಹಲವರು ಅಲ್ಲೇ ಸತ್ತರು. ಮೈಕಿನ ಮುಂದೆ ಕೂತು ಇದನ್ನು ಹೇಳುವಾಗ ನನಗೆ ಗಂಟಲು ಕಟ್ಟುತ್ತದೆ.

ಇಥಾಕಾ ಕಾಲೇಜಿನ ಬ್ಯಾಂಡ್ ಅವರನ್ನು ಒಂದು ಕೃತಿ ಬರೆದುಕೊಡಿ ಎಂದು ಕೇಳಿತ್ತು. ಹೂಸ ಅದರಲ್ಲಿ ತಮ್ಮ ಊರನ್ನೇ ಇಟ್ಟರು. 1969ರ ಜನವರಿಯಲ್ಲಿ ವಾಷಿಂಗ್ಟನ್‌ನಲ್ಲಿ ವಿದ್ಯಾರ್ಥಿಗಳು ಮೊದಲ ಸಲ ಅದನ್ನು ನುಡಿಸಿದರು.

ಶುರುವಾಗುವುದು ಪಿಸುಮಾತಿನಂತೆ. ಟಿಂಪನಿ, ಅಂದರೆ ದೊಡ್ಡ ನಗಾರಿ, ಬಲು ಮೆಲ್ಲಗೆ ಒಂದು ಹಾಡಿನ ಎಳೆ ಹಿಡಿಯುತ್ತದೆ. ಅದು 15ನೇ ಶತಮಾನದ ಹುಸೈಟರ, ಅಂದರೆ ಧರ್ಮಸುಧಾರಕ ಯಾನ್ ಹುಸ್‌ನ ಅನುಯಾಯಿ ಹೋರಾಟಗಾರರ ಹಾಡು, ಚೆಕ್ ಜನರಿಗೆ ತಲೆಮಾರುಗಳಿಂದ ಬಾಯಿಪಾಠ. ಅದರ ಮೇಲೆ ಒಂದೇ ಒಂದು ಪಿಕಲೊ. ನಮ್ಮ ಕೊಳಲಿಗಿಂತ ಚಿಕ್ಕದು, ಸುಮಾರು ಒಂದೂವರೆ ಗೇಣು ಉದ್ದ, ಅಷ್ಟೆ. ಹಕ್ಕಿಯ ಹಾಗೆ ಕೂಗುತ್ತದೆ. ಹೂಸ ಅದನ್ನು ಸ್ವಾತಂತ್ರ್ಯದ ಗುರುತು ಅಂದರು. ಸಾವಿರ ವರ್ಷದಲ್ಲಿ ಪ್ರಾಗ್ ಅದನ್ನು ಕಂಡದ್ದು ಕೆಲವೇ ಕ್ಷಣ ಎಂದೂ ಹೇಳಿದರು. ಆ ಹಕ್ಕಿಯ ಕೂಗು ಕೇಳುತ್ತಿರುವಾಗಲೇ ಟ್ರಂಪೆಟ್‌ಗಳು ಎದ್ದು ಕಿರುಚುತ್ತವೆ. ಇಲ್ಲಿ ತುತ್ತೂರಿ ಮೆರವಣಿಗೆ ಕರೆಯುವುದಿಲ್ಲ. ಬೆಂಕಿ ಬಿದ್ದಿದೆ, ಬನ್ನಿ ಅನ್ನುತ್ತದೆ.

ಎರಡನೆಯ ಭಾಗದ ಅಳುವನ್ನು ಸ್ಯಾಕ್ಸೊಫೋನ್‌ಗಳು ತಗ್ಗಿನ ದನಿಯಲ್ಲಿ ಹೊತ್ತು ಸಾಗುತ್ತವೆ. ಮೂರನೆಯದರಲ್ಲಿ ಊದುವವರೆಲ್ಲ ಸುಮ್ನೆ ಕೂರುತ್ತಾರೆ. ಬರೀ ತಾಳವಾದ್ಯ. ಕೊನೆಗೆ ಸ್ನೇರ್ ಡ್ರಮ್, ಅಂದರೆ ಮಿಲಿಟರಿ ಬ್ಯಾಂಡಿನ ಚಿಕ್ಕ ಡೋಲು, ಜೋರಾಗುತ್ತಾ ಜೋರಾಗುತ್ತಾ ಹತ್ತಿರ ಬರುತ್ತದೆ. ದಯವಿಟ್ಟು ಇದನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ.

ಗಂಟೆಗಳು ಮಾತ್ರ ಕೃತಿಯ ಉದ್ದಕ್ಕೂ ಇವೆ. ಪ್ರಾಗ್ ನೂರು ಗೋಪುರಗಳ ಊರು. ಅಲ್ಲಿ ಆಪತ್ತಿಗೂ ಗಂಟೆ, ಗೆಲುವಿಗೂ ಗಂಟೆ. ಮಾಹಿಮಿನ ಇಗರ್ಜಿಯ ಗಂಟೆಯನ್ನೂ ನಮ್ಮ ದೇವಸ್ಥಾನದ ಗಂಟೆಯನ್ನೂ ಒಂದೇ ಸಂಜೆ ಕೇಳಿ ಬೆಳೆದ ನನಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಕೊನೆಯಲ್ಲಿ ಅದೇ ಹಳೇ ಹಾಡು ಮತ್ತೆ ಬರುತ್ತದೆ. ನಗಾರಿ ಮೆಲ್ಲಗೆ ಹಿಡಿದಿದ್ದ ಎಳೆಯನ್ನು ಈಗ ಇಡೀ ಬ್ಯಾಂಡು ಒಂದೇ ಸ್ವರದಲ್ಲಿ, ಒಂದೇ ಉಸಿರಿನಲ್ಲಿ ಎತ್ತುತ್ತದೆ. ಹೂಸ ಇದನ್ನು ಆರ್ಕೆಸ್ಟ್ರಾಕ್ಕೂ ಬರೆದಿದ್ದಾರೆ. ಆದರೆ ನನಗೆ ಬ್ಯಾಂಡಿನದೇ ಜಾಸ್ತಿ ಇಷ್ಟ. ಪಿಟೀಲಿನ ಕಮಾನು ದಣಿಯುವುದಿಲ್ಲ. ಊದುವವರ ಎದೆ ದಣಿಯುತ್ತದೆ, ಆ ದಣಿವೂ ಹಾಡಿನಲ್ಲಿ ಕೇಳಿಸುತ್ತದೆ.

ಹೂಸ ಅವರ ಸ್ವಂತ ಊರಿನಲ್ಲೇ ಈ ಸಂಗೀತಕ್ಕೆ ಬಹುಕಾಲ ಜಾಗವಿರಲಿಲ್ಲ. 1989ರ ಕೊನೆಗೆ ಅಲ್ಲಿನ ಕಮ್ಯುನಿಸ್ಟ್ ಸರ್ಕಾರ ಬಿತ್ತು. 1990ರಲ್ಲಿ ಹೂಸ ಪ್ರಾಗ್‌ಗೆ ಹೋಗಿ, ತಾವೇ ವೇದಿಕೆ ಹತ್ತಿ, ವಾದ್ಯವೃಂದವನ್ನು ನಿರ್ದೇಶಿಸಿ ಅದನ್ನು ನುಡಿಸಿದರು. ಆಗ ಅವರಿಗೆ 68 ವರ್ಷ.