ಪಕ್ಕದಲ್ಲಿ ಕೂತು ಕಲಿಯುವ ಕೆಲಸ

ಎಲ್ಲರಿಗೂ ನಮಸ್ಕಾರ.

ಇಂಥ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ. ಹಿಂದಿನ ಸಾಲಿನಲ್ಲಿ ಕೆಲವರು ಕಡ್ಡಿ, ಉಲ್ಲನ್ ಹಿಡಿದೇ ಕೂತಿದ್ದೀರಿ. ನಾನು ಮಾತು ಶುರು ಮಾಡಿದೆ ಅಂತ ಅದನ್ನು ಚೀಲಕ್ಕೆ ಹಾಕಬೇಡಿ. ಹೆಣೆಯುತ್ತಲೇ ಕೇಳಿ.

ನಮ್ಮ ಚಿಕ್ಕಮಗಳೂರಿನ ಹೆಣಿಗೆ ಬಳಗದ ಬಗ್ಗೆ ಹೇಳಬೇಕು ಅಂತ ನನ್ನನ್ನು ಕರೆದಿದ್ದಾರೆ. ಬಳಗ ಅಂದ ತಕ್ಷಣ ಎಲ್ಲರೂ ಕೇಳುವ ಪ್ರಶ್ನೆ ಒಂದೇ. ಈಗ ಮೊಬೈಲಿನಲ್ಲಿ ಎಲ್ಲಾ ಸಿಗುತ್ತದೆ ಅಲ್ವಾ? ವಿಡಿಯೋ ನೋಡಿ ಮನೆಯಲ್ಲೇ ಕಲಿಯಬಹುದು. ಇದಕ್ಕೆ ಅಂತ ಬಸ್ಸು ಹತ್ತಿ ಬಂದು, ಒಂದು ಕಡೆ ಸೇರಿ ಕೂರುವುದು ಯಾಕೆ? ಕೇಳುವವರು ಕೊಂಕಿನಿಂದ ಕೇಳುವುದಿಲ್ಲ. ನಿಜವಾಗಿಯೂ ತಿಳಿಯಬೇಕು ಅಂತಲೇ ಕೇಳುತ್ತಾರೆ. ಹಾಗಾಗಿ ನಾನೂ ನಿಜವಾದ ಉತ್ತರವನ್ನೇ ಕೊಡಬೇಕು.

ಒಂದು ಸ್ವೆಟರ್ ಕತೆ ಹೇಳುತ್ತೇನೆ. ಬಹಳ ವರ್ಷದ ಹಿಂದೆ ನನ್ನ ಅಣ್ಣನ ಮಗ ಓದಲು ದೂರದ ಊರಿಗೆ ಹೊರಟಿದ್ದ. ಅವನಿಗೆ ಒಂದು ಸ್ವೆಟರ್ ಹೆಣೆದುಕೊಡಬೇಕು ಅಂತ ನನಗೆ ಆಸೆ. ಒಂದು ಪುಸ್ತಕದಲ್ಲಿ ಲೆಕ್ಕ ಕೊಟ್ಟಿದ್ದರು. ಹೆಣೆದ ತುಂಡಿನ 10 ಸೆಂಟಿಮೀಟರ್ ಅಗಲಕ್ಕೆ 22 ಕುಣಿಕೆ, ಅಂದರೆ ನೂಲಿನ ಉಂಗುರ, ಬರಬೇಕು. ಸುತ್ತಳತೆ 90 ಸೆಂಟಿಮೀಟರ್ ಬೇಕಾದರೆ ಮುಂದೆ 99, ಹಿಂದೆ 99, ಒಟ್ಟು 198 ಕುಣಿಕೆ. ನಾನು ಒಂದೂ ಬಿಡದೆ ಎಣಿಸಿ ಹಾಕಿದೆ. ಎರಡು ತಿಂಗಳು ಕೂತು ಮುಗಿಸಿದೆ. ತೊಡಿಸಿದರೆ ಎದೆಯ ಹತ್ತಿರ ಇಳಿಯಲೇ ಇಲ್ಲ.

ಲೆಕ್ಕ ಸರಿಯಾಗಿಯೇ ಇತ್ತು. ನನ್ನ ಕೈ ಬಿಗಿ. ಪುಸ್ತಕದವರಿಗೆ 22 ಬರುವ ಜಾಗದಲ್ಲಿ ನನಗೆ 24 ಬರುತ್ತಿತ್ತು. ಎರಡೇ ಕುಣಿಕೆ ವ್ಯತ್ಯಾಸ, ಏನು ಮಹಾ ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡಿ. 198 ಕುಣಿಕೆಯನ್ನು 24ರ ಬಿಗಿಯಲ್ಲಿ ಹೆಣೆದರೆ ಸುತ್ತಳತೆ 82.5 ಸೆಂಟಿಮೀಟರ್ ಆಗುತ್ತದೆ. ಏಳೂವರೆ ಸೆಂಟಿಮೀಟರ್ ಕಡಿಮೆ. ಹುಡುಗ ಏನೂ ಅನ್ನಲಿಲ್ಲ. ಅದನ್ನು ಮಡಿಸಿ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಹೋದ. ನನಗೆ ಮಾತ್ರ ಅದು ವರ್ಷಗಟ್ಟಲೆ ಮನಸ್ಸಿನಲ್ಲೇ ಉಳಿಯಿತು.

ಆಮೇಲೆ ಬಳಗಕ್ಕೆ ಬಂದೆ. ಮೊದಲ ದಿನ ನನ್ನ ಪಕ್ಕ ಒಬ್ಬ ಹಿರಿಯ ಅಕ್ಕ ಕೂತಿದ್ದರು. ಆಲ್ದೂರು ಕಡೆಯವರು. ಎರಡು ಸಾಲು ಮುಗಿಯುವ ತನಕ ನನ್ನ ಕೈಯನ್ನು ಸುಮ್ನೆ ನೋಡಿದರು. ಆಮೇಲೆ ಹೇಳಿದರು: "ನೂಲನ್ನ ಬೆರಳಿಗೆ ಎರಡು ಸುತ್ತು ಸುತ್ತಿಕೊಳ್ತೀಯಲ್ಲ, ಒಂದೇ ಸಾಕು ಕಣೇ." ಅಷ್ಟೇ. ಒಂದು ಸುತ್ತು ಬಿಟ್ಟೆ. ಕೈ ಸಡಿಲವಾಯಿತು. ಆವತ್ತಿನ ತುಂಡು ಅಳೆದರೆ 22.

ಇಷ್ಟು ಹೊತ್ತು ಹೇಳಲು ಹೊರಟಿದ್ದು ಇದನ್ನೇ. ವಿಡಿಯೋದಲ್ಲಿ ಕಲಿಸುವವರ ಕೈ ನನಗೆ ಕಾಣುತ್ತದೆ, ನನ್ನ ಕೈ ಅವರಿಗೆ ಕಾಣುವುದಿಲ್ಲ. ಈ ಕೆಲಸದಲ್ಲಿ ಕಲಿಯುವವಳ ಕೈಯನ್ನು ಯಾರಾದರೂ ನೋಡಲೇಬೇಕು.

ವಿಡಿಯೋ ಬೇಡ ಅಂತ ನಾನು ಹೇಳುವುದಿಲ್ಲ. ನಾನೂ ನೋಡುತ್ತೇನೆ. ಆದರೆ ಅದರಲ್ಲಿ ಎಡವುವ ಜಾಗಗಳಿವೆ. ಕಡ್ಡಿಯ ನಂಬರನ್ನೇ ತೆಗೆದುಕೊಳ್ಳಿ. ನಮ್ಮ ಅಂಗಡಿಗಳಲ್ಲಿ ಸಿಗುವ ಕಡ್ಡಿಗೆ ಹಳೆಯ ಬ್ರಿಟಿಷ್ ನಂಬರು. ಅದರಲ್ಲಿ ನಂಬರ್ ಜಾಸ್ತಿಯಾದಷ್ಟೂ ಕಡ್ಡಿ ಸಣ್ಣ. 8 ಅಂದರೆ 4 ಮಿಲಿಮೀಟರ್, 10 ಅಂದರೆ 3.25, 12 ಅಂದರೆ 2.75. ಅಮೆರಿಕದ ನಂಬರು ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ನಂಬರ್ ಏರಿದಷ್ಟೂ ಕಡ್ಡಿ ದಪ್ಪ. ಅವರ 8 ಅಂದರೆ 5 ಮಿಲಿಮೀಟರ್. ಅಮೆರಿಕದ ವಿಡಿಯೋ ನೋಡಿ, ಇಲ್ಲಿ ಅಂಗಡಿಯಲ್ಲಿ 8 ನಂಬರ್ ಕಡ್ಡಿ ಕೊಂಡವರ ಸ್ವೆಟರ್ ಚಿಕ್ಕದಾಗುತ್ತದೆ. ತಪ್ಪು ತಮ್ಮದೇ ಅಂದುಕೊಂಡು ಬಿಟ್ಟುಬಿಡುತ್ತಾರೆ. ಹೀಗೆ ಕಡ್ಡಿ ಕೆಳಗಿಟ್ಟು ಮತ್ತೆ ಮುಟ್ಟದವರನ್ನು ನಾನು ಬಹಳ ನೋಡಿದ್ದೇನೆ. ನನಗೆ ಅದು ಬೇಸರದ ಸಂಗತಿ. ನಂಬರ್ ಬಿಡಿ, ಮಿಲಿಮೀಟರ್ ಕೇಳಿ ಕೊಳ್ಳಿ.

ಈಗ ನಾವು ಸೇರಿದಾಗ ಏನು ಮಾಡುತ್ತೇವೆ ಅಂತ ಹೇಳುತ್ತೇನೆ. ತಿಂಗಳಿಗೆ ಎರಡು ಶನಿವಾರ, ಮಧ್ಯಾಹ್ನ ಊಟ ಆದ ಮೇಲೆ. ಮೊದಲ ಅರ್ಧ ಗಂಟೆ ಹೊಸದನ್ನು ಯಾರೂ ಶುರು ಮಾಡುವಂತಿಲ್ಲ. ಅದು ಬಿಚ್ಚುವ ಹೊತ್ತು. ಎಲ್ಲಿ ಕೆಟ್ಟಿದೆಯೋ ಅದನ್ನು ಮೇಜಿನ ಮೇಲೆ ಇಡಬೇಕು. ಈ ಅರ್ಧ ಗಂಟೆಯೇ ನಮ್ಮ ಬಳಗದ ಜೀವ ಅಂತ ನಾನು ನಂಬಿದ್ದೇನೆ. ಹೊಸಬರು ಮೊದಮೊದಲು ನಾಚುತ್ತಾರೆ. ಆಮೇಲೆ ನಲವತ್ತು ವರ್ಷ ಹೆಣೆದವರೂ ಅಲ್ಲಿ ತಮ್ಮ ತಪ್ಪು ಇಡುವುದನ್ನು ನೋಡಿ ಧೈರ್ಯ ಬರುತ್ತದೆ.

ಕುಣಿಕೆ ಜಾರಿದರೆ ಎಲ್ಲರೂ ಹೆದರುತ್ತಾರೆ. ಇಡೀ ಸ್ವೆಟರ್ ಬಿಚ್ಚಿಹೋಗುತ್ತದೆ ಅಂತ ಭಯ. ಹಾಗೇನೂ ಆಗುವುದಿಲ್ಲ. ಜಾರಿದ ಕುಣಿಕೆ ನೇರವಾಗಿ ಕೆಳಗೆ ಇಳಿಯುತ್ತದೆ. ಒಂದೊಂದು ಸಾಲು ಇಳಿದಾಗಲೂ ಏಣಿಯ ಮೆಟ್ಟಿಲಿನ ಹಾಗೆ ಒಂದು ಅಡ್ಡ ನೂಲು ಬಿಟ್ಟು ಹೋಗುತ್ತದೆ. ತುದಿಯಲ್ಲಿ ಕೊಕ್ಕೆ ಇರುವ ಕ್ರೋಶಾ ಕಡ್ಡಿಯಿಂದ ಕೆಳಗಿನ ಕುಣಿಕೆ ಹಿಡಿದು, ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸಿದರೆ ಆಯಿತು. ಹತ್ತು ಸಾಲು ಇಳಿದಿದ್ದರೂ ಎರಡು ನಿಮಿಷದ ಕೆಲಸ. ಹೂವಿನ ಡಿಸೈನ್ ಇದ್ದರೆ ಸ್ವಲ್ಪ ಕಷ್ಟ. ಅದಕ್ಕೆ ನಾವು ಪ್ರತಿ ಹತ್ತು ಸಾಲಿಗೆ ಒಮ್ಮೆ ಬೇರೆ ಬಣ್ಣದ ತೆಳು ದಾರವನ್ನು ಎಲ್ಲಾ ಕುಣಿಕೆಗಳ ಒಳಗಿಂದ ಹಾಯಿಸಿ ಇಡುತ್ತೇವೆ. ನಮ್ಮಲ್ಲಿ ಅದನ್ನು ಕಾಪು ದಾರ ಅಂತೀವಿ. ಬಿಚ್ಚಿದರೂ ಅಲ್ಲಿಗೆ ಬಂದು ನಿಲ್ಲುತ್ತದೆ.

ಬಿಚ್ಚಿದ ನೂಲನ್ನು ಎಸೆಯುವುದಿಲ್ಲ. ಅದು ಸುರುಳಿ ಸುರುಳಿಯಾಗಿರುತ್ತದೆ. ಹಾಗೇ ಹೆಣೆದರೆ ಕುಣಿಕೆಗಳು ಸಮ ಬರುವುದಿಲ್ಲ. ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರು ಬೆಚ್ಚಗಿನ ನೀರಿನಲ್ಲಿ ನೆನೆಸಿ, ನೆರಳಿನಲ್ಲಿ ನೇತುಹಾಕಬೇಕು. ಉಣ್ಣೆಯಾದರೆ ಹಾಗೇ ಹಿಗ್ಗಿ ನೇರವಾಗುತ್ತದೆ. ಬಿಸಿನೀರು ಬೇಡ. ಬಿಸಿನೀರಿನಲ್ಲಿ ಉಜ್ಜಿದರೆ ಉಣ್ಣೆ ಗಂಟುಕಟ್ಟಿ ಕಂಬಳಿಯ ಹಾಗೆ ಗಟ್ಟಿಯಾಗಿಬಿಡುತ್ತದೆ. ಅಕ್ರಿಲಿಕ್ಕಿಗೆ ಇಸ್ತ್ರಿ ಪೆಟ್ಟಿಗೆ ತಾಗಿಸಲೇಬೇಡಿ. ಅದರ ಪುಟಿತ ಹೋದರೆ ಮತ್ತೆ ಬರುವುದಿಲ್ಲ.

ನಮ್ಮ ಸಭೆಗೆ ಎಷ್ಟು ಜನ ಬರುತ್ತಾರೆ ಅನ್ನುವುದು ಕಾಫಿ ಗಿಡದ ಮೇಲೆ ನಿಂತಿದೆ. ನವೆಂಬರ್ ಬಂತು ಅಂದರೆ ಅರೇಬಿಕಾ ಕೊಯ್ಲು ಶುರು. ಅದು ಮುಗಿಯುವ ಹೊತ್ತಿಗೆ ರೋಬಸ್ಟಾ. ತೋಟದ ಮನೆಯವರಿಗೂ ಪುರುಸೊತ್ತಿಲ್ಲ, ಕೆಲಸಕ್ಕೆ ಹೋಗುವವರಿಗೂ ಪುರುಸೊತ್ತಿಲ್ಲ. ಆಗ ನಾವು ಪಟ್ಟಣದ ನಾಲ್ಕೈದು ಜನ ಮಾತ್ರ ಕೂತಿರುತ್ತೇವೆ. ಬೇಸಿಗೆಯಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮೇಲೆ ಒಬ್ಬೊಬ್ಬರೇ ಬರುತ್ತಾರೆ. ಜೂನ್‌ನಲ್ಲಿ ಮಳೆ ಹಿಡಿಯಿತು ಅಂದರೆ ಕೋಣೆ ತುಂಬುತ್ತದೆ. ಚಳಿಗಾಲದ ಸ್ವೆಟರ್‌ಗಳೆಲ್ಲ ನಮ್ಮಲ್ಲಿ ಮಳೆಗಾಲದಲ್ಲೇ ಹುಟ್ಟುವುದು. ಕರೆಂಟ್ ಹೋದರೂ ಯಾರೂ ನಿಲ್ಲಿಸುವುದಿಲ್ಲ. ಕತ್ತಲಲ್ಲಿ ಕಡ್ಡಿಗಳ ಸದ್ದು ಮಾತ್ರ ಕೇಳುತ್ತಿರುತ್ತದೆ. ನನಗೆ ಆ ಸದ್ದು ಬಹಳ ಇಷ್ಟ.

ಎರಡು ಕಡ್ಡಿಯ ಹೆಣಿಗೆ ನಮ್ಮ ನಾಡಿನಲ್ಲಿ ಹುಟ್ಟಿದ್ದಲ್ಲ. ಹಳೆಯ ಹೆಣಿಗೆಯ ತುಂಡುಗಳು ಸಿಕ್ಕಿರುವುದು ಈಜಿಪ್ಟಿನಲ್ಲಿ. ನೀಲಿ, ಬಿಳಿ ಹತ್ತಿ ನೂಲಿನ ಕಾಲುಚೀಲಗಳು. ಯುರೋಪಿನ ಪಟ್ಟಣಗಳಲ್ಲಿ ಹೆಣಿಗೆಗಾರರ ಸಂಘಗಳಿದ್ದವು. ಅವುಗಳಲ್ಲಿ ಇದ್ದವರು ಗಂಡಸರು! ವರ್ಷಗಟ್ಟಲೆ ಗುರುವಿನ ಹತ್ತಿರ ಕಲಿತು, ಟೋಪಿ, ಕಾಲುಚೀಲ, ಅಂಗಿ, ಗೋಡೆಗೆ ಹಾಕುವಷ್ಟು ದೊಡ್ಡ ಹಾಸು, ಇವನ್ನೆಲ್ಲ ಹೆಣೆದು ತೋರಿಸಿದರೆ ಮಾತ್ರ ಸಂಘಕ್ಕೆ ಸೇರಿಸಿಕೊಳ್ಳುತ್ತಿದ್ದರು. 1589ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಕಾಲುಚೀಲ ಹೆಣೆಯುವ ಯಂತ್ರ ಮಾಡಿದ. ಕಡ್ಡಿ ಹಿಡಿಯುವ ಕೆಲಸ ಹೊಟ್ಟೆಪಾಡಿನಿಂದ ನಿಧಾನಕ್ಕೆ ಮನೆಯ ಮೂಲೆಗೆ ಬಂತು, ಹೆಂಗಸರ ಕೈಗೆ ಬಂತು. ನಮ್ಮ ಅಮ್ಮ ಹೇಳುತ್ತಿದ್ದರು, 1962ರ ಯುದ್ಧದಲ್ಲಿ ಹಿಮದಲ್ಲಿದ್ದ ಸೈನಿಕರಿಗೆ ಅಂತ ದೇಶದ ತುಂಬ ಹೆಂಗಸರು ಸ್ವೆಟರ್ ಹೆಣೆದು ಕಳಿಸಿದ್ದರು ಅಂತ. ಅಮ್ಮನೂ ಅವರಲ್ಲಿ ಒಬ್ಬರು.

ಹೆಣಿಗೆ ಹೊರಗಿನಿಂದ ಬಂತು, ನಿಜ. ಆದರೆ ಉಣ್ಣೆ ನಮಗೆ ಹೊಸದಲ್ಲ. ಕುರುಬರ ಕಂಬಳಿ ಇಲ್ಲದ ಮನೆ ಮಲೆನಾಡಿನಲ್ಲಿ ಇತ್ತಾ? ಕಂಬಳಿ ಕೊಪ್ಪೆ ಹಾಕಿಕೊಂಡು ಸುರಿಯುವ ಮಳೆಯಲ್ಲಿ ಗದ್ದೆಗೆ ಇಳಿಯುತ್ತಿದ್ದರು. ಉಣ್ಣೆ ತನ್ನ ತೂಕದ ಶೇಕಡಾ 30ರಷ್ಟು ತೇವ ಹೀರಿದರೂ ಮೈಗೆ ಒದ್ದೆ ಅನ್ನಿಸುವುದಿಲ್ಲ. ಅಜ್ಜಂದಿರಿಗೆ ಈ ಲೆಕ್ಕ ಗೊತ್ತಿರಲಿಲ್ಲ, ಗುಣ ಗೊತ್ತಿತ್ತು. ನೇಯ್ದ ಕಂಬಳಿಗೆ ಹುಣಸೆ ಬೀಜದ ಗಂಜಿ ಹಾಕಿ ಬಿಗಿ ಮಾಡುತ್ತಿದ್ದರು. ಒಮ್ಮೆ ಕಡೂರು ಕಡೆಯಿಂದ ಒಬ್ಬರು ಕೈಯಲ್ಲಿ ನೂತ ಕರಿ ಉಣ್ಣೆ ನೂಲು ತಂದುಕೊಟ್ಟರು. ಎಲ್ಲರಿಗೂ ಸಂಭ್ರಮ. ಸ್ವೆಟರ್ ಹೆಣೆದೆವು. ಕುತ್ತಿಗೆಗೆ ಚುಚ್ಚುತ್ತದೆ, ಯಾರಿಗೂ ಹಾಕಿಕೊಳ್ಳಲು ಆಗಲಿಲ್ಲ. ನಮ್ಮ ಕಡೆಯ ಕುರಿಗಳ ಉಣ್ಣೆ ಒರಟು. ಅದನ್ನೇ ಬಿಚ್ಚಿ ಕೂರುವ ಹಾಸು, ಚೀಲ ಮಾಡಿದೆವು. ಆ ಹಾಸುಗಳು ಈಗಲೂ ಗಟ್ಟಿಮುಟ್ಟಾಗಿವೆ. ನಾವು ಉಲ್ಲನ್ ಅಂತ ಕರೆಯುವುದು ಹೆಚ್ಚಾಗಿ ಲೂಧಿಯಾನ ಕಡೆಯಿಂದ ಬರುವ ಅಕ್ರಿಲಿಕ್. ಹೆಸರಿಗೆ ಉಲ್ಲನ್, ಒಳಗೆ ಒಂದು ಎಳೆ ಉಣ್ಣೆ ಇರುವುದಿಲ್ಲ. ಕೊಳ್ಳುವಾಗ ಚೀಟಿ ಓದಿ.

ಇನ್ನೊಂದು ಸಂಗತಿ ನನಗೆ ಬಹಳ ಮುಖ್ಯ. ತರೀಕೆರೆ ಹತ್ತಿರದ ಅಮೃತಾಪುರಕ್ಕೆ ನಮ್ಮ ಬಳಗ ಒಮ್ಮೆ ಹೋಗಿತ್ತು. 1196ರ ದೇವಸ್ಥಾನ. ಅಲ್ಲಿ ಕೆಲಸ ಮಾಡಿದ ಮಲ್ಲಿತಮ್ಮ ಅನ್ನುವ ಶಿಲ್ಪಿಯ ಹೆಸರು ನಮಗೆ ಇವತ್ತೂ ಗೊತ್ತು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಅವರ ಹೆಸರೂ ಗೊತ್ತು. ಹೇಗೆ ಗೊತ್ತು? ತಾವು ಕೆತ್ತಿದ ಕಲ್ಲಿನ ಕೆಳಗೆ ತಮ್ಮ ಹೆಸರನ್ನೂ ಕೆತ್ತಿದರು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಒಬ್ಬರು ಕೇಳಿದರು: "ನಮ್ಮ ಅಜ್ಜಿ ಹಾಕಿದ ಕ್ರೋಶಾ ತೋರಣ ಇನ್ನೂ ನಮ್ಮ ಬಾಗಿಲಿನಲ್ಲಿದೆ. ಅದರಲ್ಲಿ ಅಜ್ಜಿ ಹೆಸರು ಎಲ್ಲಿದೆ?" ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ. ಆವತ್ತಿನಿಂದ ಒಂದು ಪದ್ಧತಿ ಇಟ್ಟುಕೊಂಡಿದ್ದೇವೆ. ಏನೇ ಹೆಣೆದರೂ ಒಳಗಡೆ ಒಂದು ಸಣ್ಣ ಬಟ್ಟೆ ಪಟ್ಟಿ ಹೊಲಿಯಬೇಕು. ಅದರಲ್ಲಿ ಹೆಣೆದವರ ಹೆಸರು, ತಿಂಗಳು, ವರ್ಷ, ಯಾವ ನೂಲು ಅಂತ ದಾರದಲ್ಲಿ ಬರೆಯಬೇಕು. ಮೊದಲು ಕೆಲವರು ಹಿಂಜರಿದರು. ಹೆಸರು ಯಾಕೆ, ಮನೆಯವರಿಗೆ ಮಾಡಿದ್ದು ತಾನೇ ಅಂದರು. ಮನೆಯವರಿಗೆ ಮಾಡಿದ್ದಕ್ಕೇ ಹೆಸರು ಬೇಕು ಅಂತ ನಾನು ಹಟ ಹಿಡಿದೆ. ಈಗಲೂ ಹಿಡಿಯುತ್ತೇನೆ.

ಹಂಚುವ ಕೆಲಸದ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಹುಟ್ಟಿದ ಮಕ್ಕಳಿಗೆ ಕುಲಾವಿ ಹೆಣೆದು ಕೊಡುತ್ತೇವೆ. ಎಳೆ ಮಕ್ಕಳ ಮೈ ಬಿಸಿ ತಲೆಯಿಂದ ಬೇಗ ಹೋಗುತ್ತದೆ. ದಿನ ತುಂಬಿ ಹುಟ್ಟಿದ ಮಗುವಿನ ತಲೆ ಸುತ್ತಳತೆ ಸುಮಾರು 34, 35 ಸೆಂಟಿಮೀಟರ್. ಅವಧಿಗೆ ಮೊದಲು ಹುಟ್ಟಿದವಕ್ಕೆ ಇನ್ನೂ ಕಡಿಮೆ. ಮೆತ್ತಗಿನ ನೂಲು ಬೇಕು. ಗುಂಡಿ, ಮಣಿ, ಕಟ್ಟುವ ದಾರ ಯಾವುದೂ ಬೇಡ. ತೊಳೆದು ಒಣಗಿಸಿಯೇ ಕೊಡಬೇಕು. ಒಮ್ಮೆ ಒಂದು ಸಂಸ್ಥೆಗೆ ಒಂದು ಚೀಲ ತುಂಬ ಕುಲಾವಿ ಕೊಟ್ಟಿದ್ದೆವು. ತಿಂಗಳುಗಳ ಮೇಲೆ ಹೋದರೆ ಚೀಲ ಕಟ್ಟಿದ ಹಾಗೇ ಒಂದು ಮೂಲೆಯಲ್ಲಿತ್ತು. ನೋವಾಯಿತು. ಅವರಿಗೆ ಬೇಕಾಗಿದ್ದದ್ದು ಚಿಕ್ಕ ಅಳತೆಯವು. ನಾವು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ಈಗ ನರ್ಸಮ್ಮಂದಿರ ಹತ್ತಿರ ಅಳತೆ ಕೇಳಿಕೊಂಡ ಮೇಲೆಯೇ ಕಡ್ಡಿ ಹಿಡಿಯುತ್ತೇವೆ.

ದೊಡ್ಡದಾಗಿ ಸೇರಿದರೆ ಏನಾಗುತ್ತದೆ ಅನ್ನುವುದಕ್ಕೆ ಚೆನ್ನೈ ಇದೆ. 2016ರ ಜನವರಿಯಲ್ಲಿ ಅಲ್ಲಿ ಹೆಂಗಸರು ಸೇರಿ ತಮ್ಮ ತಮ್ಮ ಕ್ರೋಶಾ ತುಂಡುಗಳನ್ನು ಜೋಡಿಸಿ 11,148.5 ಚದರ ಮೀಟರ್ ಹೊದಿಕೆ ಮಾಡಿದರು. ಗಿನ್ನೆಸ್ ದಾಖಲೆಯಾಯಿತು. ನಮ್ಮದು ಅಷ್ಟು ದೊಡ್ಡದಲ್ಲ. ದೊಡ್ಡದಾಗಬೇಕು ಅಂತ ನನಗೆ ಆತುರವೂ ಇಲ್ಲ. ಒಬ್ಬೊಬ್ಬರ ಪಕ್ಕ ಒಬ್ಬರು ಕೂರುವಷ್ಟು ಜನ ಇದ್ದರೆ ಸಾಕು.

ಮುಂದಿನ ಶನಿವಾರ ಬರುವವರು 4 ಮಿಲಿಮೀಟರ್ ಕಡ್ಡಿ ಒಂದು ಜೊತೆ, ಉಲ್ಲನ್ ಒಂದು ಉಂಡೆ ತನ್ನಿ. ತಿಳಿ ಬಣ್ಣದ್ದು ತನ್ನಿ, ಕಪ್ಪು ಬೇಡ. ಕಪ್ಪಿನಲ್ಲಿ ಕುಣಿಕೆ ಕಾಣುವುದಿಲ್ಲ. ಮನೆಯಲ್ಲಿ ಅರ್ಧಕ್ಕೆ ನಿಂತ ಸ್ವೆಟರ್ ಇದ್ದರೆ ಹೊಸ ಉಂಡೆಯೂ ಬೇಡ, ಅದನ್ನೇ ತನ್ನಿ. ಎಲ್ಲಿ ತಪ್ಪಿದೆ ಅಂತ ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ಕಡ್ಡಿಯಿಂದ ಮಾತ್ರ ತೆಗೆಯಬೇಡಿ. ಹೇಗಿದೆಯೋ ಹಾಗೇ ಒಂದು ಬಟ್ಟೆಯಲ್ಲಿ ಸುತ್ತಿಕೊಂಡು ಬನ್ನಿ.