ಬೇರೆಯವರ ಲೋಕದಲ್ಲಿ ಮನೆ ಕಟ್ಟುವುದು

ಸ್ಕ್ರೀನ್ ಮೇಲಿರುವ ಈ ಚಮಚ ನೋಡಿ, ಒಂದು ಕಂಪ್ಯೂಟರ್ ಆಟದೊಳಗಿನದು. ಮರದ ಮೇಜು, ಮೇಜಿನ ಮೇಲೆ ಮಣ್ಣಿನ ಬಟ್ಟಲು, ಬಟ್ಟಲ ಪಕ್ಕದಲ್ಲಿ ಚಮಚ. ಸ್ವಲ್ಪ ಝೂಮ್ ಮಾಡುತ್ತೇನೆ. ಕಂಡಿತಾ? ಚಮಚಕ್ಕೂ ಮೇಜಿಗೂ ನಡುವೆ ಕೂದಲೆಳೆಯಷ್ಟು ಸಂದು. ಗಾಳಿಯಲ್ಲಿ ನಿಂತಿದೆ. ಆಟ ಆಡುವವರು ಯಾರೂ ಬಗ್ಗಿ ಇದನ್ನು ನೋಡುವುದಿಲ್ಲ. ಆದರೂ ಹೀಗೇ ಬಿಟ್ಟರೆ ಪರಿಶೀಲನೆ ಮಾಡುವವರು ವಾಪಸ್ ಕಳಿಸುತ್ತಾರೆ. ಎಫ್ ಕೀಲಿ ಒತ್ತಿದರೆ ಕೆಳಗಿಳಿದು ಕೂರುತ್ತದೆ. ಅಷ್ಟಕ್ಕೇ ಮುಗಿಯಲಿಲ್ಲ, ಈ ಚಮಚ ಯಾರದ್ದು ಅಂತಲೂ ತುಂಬಬೇಕು. ಒಡೆಯನ ಹೆಸರಿಲ್ಲದ ಸಾಮಾನನ್ನು ಯಾರು ಬೇಕಾದರೂ ಎತ್ತಿಕೊಂಡು ಹೋಗಬಹುದು. ಎದುರಿಗೇ ನಿಂತ ಕಾವಲುಗಾರ ಕ್ಯಾರೇ ಅನ್ನುವುದಿಲ್ಲ.

ಎಲ್ಲರಿಗೂ ನಮಸ್ಕಾರ. ಇದು ಬೆಂಗಳೂರಿನ ವಿಜಯನಗರದ ನನ್ನ ರೂಮು. ಭಾನುವಾರ, ಹೊರಗೆ ಮಳೆ, ಕರೆಂಟು ಎರಡು ಸಲ ಹೋಗಿ ಬಂದಿದೆ. ಇವತ್ತಿನ ವಿಡಿಯೋದಲ್ಲಿ ತಿಂಡಿ ಇಲ್ಲ, ಟ್ರಾಫಿಕ್ ಇಲ್ಲ. ರಾತ್ರಿ ಹೊತ್ತು ನಾನು ಲ್ಯಾಪ್‌ಟಾಪ್ ಮುಂದೆ ಏನು ಮಾಡುತ್ತೇನೆ ಅಂತ ತುಂಬಾ ಜನ ಕೇಳಿದ್ದೀರಿ. ಇದನ್ನೇ ಮಾಡುವುದು. ಚಮಚ ಇಳಿಸುವುದು.

ಆಟದ ಹೆಸರು ಮಾರೋವಿಂಡ್. ಎಲ್ಡರ್ ಸ್ಕ್ರಾಲ್ಸ್ ಸರಣಿಯ ಮೂರನೆಯದು, ಬೆಥೆಸ್ಡಾ ಕಂಪನಿ 2002ರಲ್ಲಿ ತಂದದ್ದು. ಮಾರೋವಿಂಡ್ ಅನ್ನುವುದು ಒಂದು ಇಡೀ ಪ್ರಾಂತ್ಯ. ಆದರೆ ಆಟದಲ್ಲಿ ನಮಗೆ ಸಿಗುವುದು ಅದರ ಮಧ್ಯದ ಒಂದು ದ್ವೀಪ ಮಾತ್ರ, ವಾರ್ಡನ್‌ಫೆಲ್. ಸುತ್ತಲಿನ ದೊಡ್ಡ ನೆಲ ನಕ್ಷೆಯಲ್ಲಿದೆ, ಆಟದೊಳಗಿನ ಪುಸ್ತಕಗಳಲ್ಲಿದೆ, ಹೆಂಡದಂಗಡಿಯಲ್ಲಿ ಕೂತವರ ಮಾತಿನಲ್ಲಿದೆ. ಕಾಲಿಟ್ಟು ನಡೆಯಲು ಮಾತ್ರ ಇಲ್ಲ. ಐದು ದೊಡ್ಡ ಮನೆತನಗಳು ಇವೆ ಅಂತ ಆಟ ಹೇಳುತ್ತದೆ, ದ್ವೀಪದಲ್ಲಿ ಕಾರುಬಾರು ಮಾಡುವುದು ಮೂರು. ಉಳಿದ ಎರಡು, ಇಂಡೊರಿಲ್ ಮತ್ತು ಡ್ರೆಸ್, ಆ ಕಡೆ ದಡದಲ್ಲಿ.

ಆ ದಡವನ್ನು ಕಟ್ಟುತ್ತಿರುವುದು ಅಭಿಮಾನಿಗಳು. ಯೋಜನೆಯ ಹೆಸರು ಟ್ಯಾಮ್ರಿಯಲ್ ರೀಬಿಲ್ಟ್. ಶುರುವಾದದ್ದು 2001ರಲ್ಲಿ, ಅಂದರೆ ಆಟ ಬಿಡುಗಡೆ ಆಗುವುದಕ್ಕೂ ಮೊದಲೇ! ಕಂಪ್ಯೂಟರ್ ಆವೃತ್ತಿಯ ಜೊತೆಗೆ ಕಂಪನಿಯೇ ಕನ್‌ಸ್ಟ್ರಕ್ಷನ್ ಸೆಟ್ ಅನ್ನುವ ಸಾಧನ ಕೊಟ್ಟಿತ್ತು. ನೀವು ಈಗ ನೋಡುತ್ತಿರುವ ಬೂದು ಬಣ್ಣದ ಹಳೇ ಕಿಟಕಿಗಳೆಲ್ಲ ಅದರದ್ದೇ. ಯಾರಿಗೂ ಸಂಬಳ ಇಲ್ಲ, ಆಡುವವರಿಂದ ದುಡ್ಡೂ ತೆಗೆದುಕೊಳ್ಳುವುದಿಲ್ಲ. ಒಂದೊಂದು ಸೀಮೆ ಸಿದ್ಧವಾದ ಹಾಗೆ ಬಿಡುಗಡೆ ಮಾಡುತ್ತಾ ಬಂದಿದ್ದಾರೆ. 2025ರ ಮೇ ತಿಂಗಳಲ್ಲಿ ಹ್ಲಾಲು ಮನೆತನದ ರಾಜಧಾನಿ ನಾರ್ಸಿಸ್ ಬಂತು. ಕೆಲಸ ಇನ್ನೂ ಮುಗಿದಿಲ್ಲ.

ಇಷ್ಟು ವರ್ಷ ಇದು ಹೇಗೆ ನಡೆಯಿತು ಅನ್ನುವುದಕ್ಕೆ ಪ್ರೀತಿ ಗೀತಿ ಅಂತ ದೊಡ್ಡ ಮಾತು ಬೇಡ. ಒಂದು ಸಾದಾ ಕಾರಣ ಇದೆ. ಈ ಆಟದಲ್ಲಿ ಜನ ಮಾತಾಡುವುದು ಬಹುಪಾಲು ಅಕ್ಷರದಲ್ಲಿ. ಎದುರಾದಾಗ ಒಂದೆರಡು ಮಾತು ದನಿಯಲ್ಲಿ ಬರುತ್ತದೆ, ಉಳಿದದ್ದನ್ನು ನಾವು ಓದಿಕೊಳ್ಳಬೇಕು. ಹೊಸ ಊರಿಗೆ ನೂರು ಜನರನ್ನು ತುಂಬಿದರೂ ನೂರು ದನಿ ಕಲಾವಿದರನ್ನು ಹುಡುಕಬೇಕಾಗಿಲ್ಲ. ಬರೆಯಲು ಬಂದರೆ ಸಾಕು. ಆಮೇಲಿನ ಆಟಗಳಲ್ಲಿ ಎಲ್ಲರೂ ಬಾಯಿಬಿಟ್ಟು ಮಾತಾಡುತ್ತಾರೆ, ಅಲ್ಲಿ ಹೊಸ ಊರು ಸೇರಿಸುವುದು ಬಹಳ ದುಬಾರಿ ಕೆಲಸ.

ಕೆಲಸದ ಹಂಚಿಕೆ ಹೀಗೆ. ಒಬ್ಬರು ನೆಲ, ಬೆಟ್ಟ, ರಸ್ತೆ ಮಾಡುತ್ತಾರೆ. ಇನ್ನೊಬ್ಬರು ಮನೆಗಳ ಒಳಗನ್ನು. ಮತ್ತೊಬ್ಬರು ಜನರನ್ನು ಕೂರಿಸಿ ಮಾತು ಬರೆಯುತ್ತಾರೆ, ಕಥೆ ಹೆಣೆಯುವವರು ಬೇರೆ. ಪ್ರತಿ ಹಂತಕ್ಕೂ ತಿದ್ದುವವರು ಇದ್ದಾರೆ. ಹೊಸಬರು ಮೊದಲು ಒಂದು ಮಾದರಿ ಕೋಣೆ ಮಾಡಿ ತೋರಿಸಬೇಕು. ನನ್ನದು ಒಳಮನೆ ಕೆಲಸ. ಬಾಗಿಲು ಎಲ್ಲಿದೆ, ಮನೆ ಹೊರಗಿನಿಂದ ಎಷ್ಟು ದೊಡ್ಡದು, ಇರುವವರು ಯಾವ ಅಂತಸ್ತಿನವರು ಅನ್ನುವುದನ್ನು ಇಟ್ಟುಕೊಂಡು ಒಳಗೆ ತುಂಬಬೇಕು. ತಿದ್ದುವವರು ಬಹಳಷ್ಟು ಜನ ದೂರದ ದೇಶಗಳಲ್ಲಿ ಇದ್ದಾರೆ. ಹಾಗಾಗಿ ನನ್ನ ಮೀಟಿಂಗ್ ಶುರುವಾಗುವುದು ಬೀದಿಯಲ್ಲಿ ನಾಯಿಗಳು ಎದ್ದ ಮೇಲೆ.

ಈಗ ಇವನನ್ನು ನೋಡಿ. ಚಿಕ್ಕಪ್ಪನ ಮಗ. ಇಂಜಿನಿಯರಿಂಗ್ ಓದುತ್ತಿದ್ದಾನೆ, ಭಾನುವಾರ ಬಂದರೆ ನೇರಳೆ ಮೆಟ್ರೋ ಹತ್ತಿ ನನ್ನ ರೂಮಿಗೆ ಹಾಜರ್. ಮಾದರಿ ಕೋಣೆಗೆ ಅವನು ಆರಿಸಿಕೊಂಡಿದ್ದು ಟೆಲ್ವಾನಿ ಅನ್ನುವ ಮನೆತನದ ಮಾಂತ್ರಿಕನ ಗೋಪುರ. ಟೆಲ್ವಾನಿಗಳು ಮನೆ ಕಟ್ಟುವುದಿಲ್ಲ, ಬೆಳೆಸುತ್ತಾರೆ. ದೈತ್ಯ ಅಣಬೆಗಳೇ ಅವರ ಗೋಪುರ. ಅದರ ತುದಿಯಲ್ಲಿ ಯಜಮಾನನ ಕೋಣೆ. ಹುಡುಗ ಅಲ್ಲಿಗೆ ಚೆಂದದ ಸುರುಳಿ ಮೆಟ್ಟಿಲು ಹಾಕಿಟ್ಟಿದ್ದ.

"ಮೆಟ್ಟಿಲು ತೆಗಿ" ಅಂದೆ.

"ಯಾಕಕ್ಕಾ? ಹತ್ತೋದು ಹೇಗೆ ಮತ್ತೆ?"

"ಹಾರಿಕೊಂಡು ಹೋಗಬೇಕು. ಹಾರೋ ಮಂತ್ರ ಬರದೇ ಇರೋನ ಮುಖಾನೂ ನೋಡಲ್ಲ ಕಣೋ ಅವರು."

ದ್ವೀಪದ ಟೆಲ್ವಾನಿ ಗೋಪುರಗಳಲ್ಲಿ ಹಿರಿಯ ಮಾಂತ್ರಿಕನ ಬಳಿ ಹೋಗಲು ನೆಟ್ಟಗೆ ಮೇಲಕ್ಕೆ ಒಂದು ಕೊಳವೆಯಂಥ ದಾರಿ. ಮೆಟ್ಟಿಲಿಲ್ಲ. ಅವರ ಜಂಬ ಎಂಥದ್ದು ಅಂತ ಒಂದೂ ಮಾತಿಲ್ಲದೆ ಆ ಕಟ್ಟಡವೇ ಹೇಳಿಬಿಡುತ್ತದೆ. ಅಲ್ಲಿ ಮೆಟ್ಟಿಲು ಹಾಕಿದರೆ ಕೆಟ್ಟದಾಗಿ ಕಾಣುವುದಿಲ್ಲ, ನಿಜ. ಆದರೆ ಒಂದು ಮನೆತನದ ಸ್ವಭಾವವೇ ಬದಲಾಗುತ್ತದೆ.

ಹುಡುಗ ಸುಮ್ಮನಾಗಲಿಲ್ಲ. "ಹಾಗಾದ್ರೆ ಆಳುಗಳು ಊಟ ಹೇಗೆ ತಗೊಂಡು ಹೋಗ್ತಾರೆ?" ಅಂದ. ನನಗೆ ಖುಷಿಯಾಯಿತು. ಇದು ಸರಿಯಾದ ಪ್ರಶ್ನೆ. ಕೆಳಗೆ ಅಡುಗೆಮನೆ, ಮೇಲೆ ಹಸಿದ ಯಜಮಾನ, ನಡುವೆ ಹಾರಲು ಬಾರದ ಅಡುಗೆಯವನು. ಹಾರುವ ಮದ್ದಿನ ಶೀಶೆಗಳನ್ನು ಲೆಕ್ಕ ಹಾಕಿ ಬೀಗದಲ್ಲಿ ಇಟ್ಟಿರುತ್ತಾರೆ ಅನ್ನೋಣವೇ? ಒಂದು ಶೀಶೆ ಕಳೆದುಹೋದರೆ? ಆಗಲೇ ಒಂದು ಕಥೆ ಹುಟ್ಟಿತು ನೋಡಿ. ಮೆಟ್ಟಿಲು ಇದ್ದಿದ್ದರೆ ಇದು ಹುಟ್ಟುತ್ತಲೇ ಇರಲಿಲ್ಲ.

ಹಾರಾಟದ ಬಗ್ಗೆ ಇನ್ನೊಂದು ಮಜಾ ವಿಷಯ. 2006ರಲ್ಲಿ ಬಂದ ಮುಂದಿನ ಆಟ ಒಬ್ಲಿವಿಯನ್‌ನಲ್ಲಿ ಹಾರುವ ಮಂತ್ರವೇ ಇಲ್ಲ. ಅಲ್ಲಿ ನಗರದ ಗೋಡೆಯ ಒಳಗೂ ಹೊರಗೂ ಬೇರೆ ಬೇರೆ ತುಣುಕುಗಳಾಗಿ ಲೋಡ್ ಆಗುತ್ತವೆ. ಗೋಡೆ ಮೇಲಿಂದ ಹಾರಿ ಆಚೆ ಹೋದರೆ ಎಲ್ಲ ಅವಾಂತರ. ಅದಕ್ಕೆ ಆಟದೊಳಗೆ ಒಂದು ಕಾಯಿದೆಯನ್ನೇ ತಂದರು: ಸಾಮ್ರಾಜ್ಯದಲ್ಲಿ ಹಾರುವುದು ನಿಷಿದ್ಧ. ತಾಂತ್ರಿಕ ತೊಂದರೆಗೆ ಸರ್ಕಾರಿ ಆದೇಶ! ಇದನ್ನು ಕೇಳಿ ನಗದ ಬೆಂಗಳೂರಿನವರು ಇದ್ದಾರಾ?

ನನ್ನ ಅಪ್ಪ ಶಿರಸಿ ಕಡೆಯವರು. ಮಲ್ಲೇಶ್ವರದಲ್ಲೋ ಬಸವನಗುಡಿಯಲ್ಲೋ ತಾಳಮದ್ದಲೆ ಇದೆ ಅಂದರೆ ಮಳೆ ಬಂದರೂ ಹೊರಟೇಬಿಡುತ್ತಾರೆ. ನಾನು ಮಾಡುವ ಕೆಲಸ ಅವರಿಗೆ ಅರ್ಥವಾದದ್ದು ಅದರಿಂದಲೇ. ಪ್ರಸಂಗದ ಪದ್ಯ ಮೊದಲೇ ಬರೆದಿಟ್ಟದ್ದು, ಭಾಗವತರು ಹಾಡುತ್ತಾರೆ. ಅರ್ಥಧಾರಿ ಮಾತನ್ನು ಅಲ್ಲೇ ಕೂತು ಕಟ್ಟುತ್ತಾನೆ. ವಾದದಲ್ಲಿ ಕರ್ಣ ಕೃಷ್ಣನ ಬಾಯಿ ಮುಚ್ಚಿಸಬಹುದು, ಸಭೆಯೇ ತಲೆದೂಗಬಹುದು. ಆದರೂ ರಥದ ಗಾಲಿ ಹೂತುಹೋಗಲೇಬೇಕು. "ಗಾಲಿ ಎತ್ತಿಬಿಟ್ಟರೆ ಅವನು ಅರ್ಥಧಾರಿಯೇ ಅಲ್ಲ" ಅಂದರು ಅಪ್ಪ.

ನಮ್ಮ ಗಾಲಿ ರೆಡ್ ಮೌಂಟನ್. ದ್ವೀಪದ ನಡುವಿನ ಜ್ವಾಲಾಮುಖಿ. ಮಾರೋವಿಂಡ್ ಕಥೆ ನಡೆಯುವುದು ಆ ಲೋಕದ ಮೂರನೇ ಯುಗದ 427ರಲ್ಲಿ. ಸರಣಿಯ ಆಮೇಲಿನ ಕಥೆಯ ಪ್ರಕಾರ ನಾಲ್ಕನೇ ಯುಗದ 5ನೇ ವರ್ಷದಲ್ಲಿ ಆ ಬೆಟ್ಟ ಸಿಡಿಯುತ್ತದೆ. ಲೆಕ್ಕ ಹಾಕಿದರೆ ಹನ್ನೊಂದು ವರ್ಷದ ಅಂತರ. ದ್ವೀಪ ಹಾಳಾಗುತ್ತದೆ, ಹಿಂದೆಯೇ ದಕ್ಷಿಣದಿಂದ ದಾಳಿ. ಅಂದರೆ ನಾವು ಚಮಚ ಜೋಡಿಸುತ್ತಿರುವ ಈ ಸೀಮೆಗೆ ಮುಂದೆ ಏನು ಕಾದಿದೆ ಅಂತ ನಮಗೆಲ್ಲ ಗೊತ್ತು. ಊರಿನವರಿಗೆ ಗೊತ್ತಿಲ್ಲ.

ಹೊಸಬರಿಗೆ ಇಲ್ಲೇ ಆಸೆ ಹುಟ್ಟುವುದು. ಒಬ್ಬ ಮುದುಕಿಯ ಬಾಯಲ್ಲಿ "ಬೆಟ್ಟ ಉರಿಯುವ ದಿನ ಬರುತ್ತೆ" ಅಂತ ಹೇಳಿಸಿಬಿಡೋಣ ಅಂತ. ಬೇಡ. ಅವಳ ಕಾಲಕ್ಕೆ ಅವಳ ಚಿಂತೆ ಬೇರೆ. ಅಲ್ಲಿನ ಧಾನ್ಯ ಉಪ್ಪಕ್ಕಿಯ ಬೆಲೆ, ಮಗನ ಸಾಲ, ದೇವಸ್ಥಾನದ ಪೂಜಾರಿಯ ಕಿರಿಕಿರಿ. ಓದುಗರಿಗೆ ಕಣ್ಣು ಹೊಡೆಯುವ ಇಂಥ ಮಾತುಗಳು ನನಗಂತೂ ಸಹಿಸಲು ಆಗುವುದಿಲ್ಲ.

ಇನ್ನೊಂದು ಮುಟ್ಟಬಾರದ ಜಾಗ ಇದೆ. ನೆರೆವಾರ್ ಅನ್ನುವ ಪುರಾತನ ವೀರ ಹೇಗೆ ಸತ್ತ? ದೇವಾಲಯದವರು ಯುದ್ಧದ ಗಾಯದಿಂದ ಅನ್ನುತ್ತಾರೆ. ಅಲೆಮಾರಿ ಆಶ್‌ಲ್ಯಾಂಡರ್ ಜನ ಹೇಳುವುದೇ ಬೇರೆ: ಅವನ ಆಪ್ತರೇ ಕೊಂದು, ಆಮೇಲೆ ತಾವೇ ದೇವರಾದರು ಅಂತ. ಆಟ ಯಾವುದು ನಿಜ ಅಂತ ತೀರ್ಪು ಕೊಡುವುದಿಲ್ಲ. ಹೊಸ ಊರಿನವನು ತನ್ನದೊಂದು ಮೂರನೇ ಕಥೆ ಹೇಳಿಕೊಳ್ಳಲಿ, ಅಡ್ಡಿಯಿಲ್ಲ. ಅದು ಅವನ ಕಥೆಯಾಗಿರಬೇಕು ಅಷ್ಟೇ. ಕಿಸೆಯಿಂದ ಸಾಕ್ಷಿ ಪತ್ರ ತೆಗೆದು ಪ್ರಕರಣ ಮುಗಿಸಿಬಿಟ್ಟರೆ ಮೂಲ ಆಟದ ಅರ್ಧ ಸ್ವಾರಸ್ಯ ಹೋಯಿತು.

ಗೌರವ ಕೊಡಬೇಕು ಸರಿ, ಯಾವ ಮಾತಿಗೆ? ಇಲ್ಲಿ ಜಗಳ ಜಾಸ್ತಿ. ಪಕ್ಕದ ಪ್ರಾಂತ್ಯ ಸಿರೊಡಿಲ್ ದಟ್ಟ ಮಳೆಕಾಡು ಅಂತ 1998ರ ಒಂದು ಆಟದ ಜೊತೆ ಬಂದ ಕೈಪಿಡಿ ಹೇಳಿತ್ತು. 2006ರ ಒಬ್ಲಿವಿಯನ್‌ನಲ್ಲಿ ನೋಡಿದರೆ ತಣ್ಣನೆಯ ಹುಲ್ಲುಗಾವಲು, ಓಕ್ ಮರ. ಕಾಡು ಎಲ್ಲಿ ಹೋಯಿತು? ದೇವರಾದ ಚಕ್ರವರ್ತಿ ಬದಲಿಸಿದ ಅಂತ ಒಂದು ಕಡೆ. ಪ್ರತಿ ಮಾಡಿದವನ ಕೈತಪ್ಪು ಇರಬೇಕು ಅಂತ 2014ರ ಆನ್‌ಲೈನ್ ಆಟದ ಪುಸ್ತಕವೊಂದರಲ್ಲಿ. ಎರಡೂ ಅಧಿಕೃತವೇ! ಸೋದರ ಯೋಜನೆಯವರು ಆ ಸಿರೊಡಿಲನ್ನೂ ಕಟ್ಟುತ್ತಿದ್ದಾರೆ, ಹಳೆಯ ಕೈಪಿಡಿಯ ಕಡೆಗೇ ಅವರ ಮನಸ್ಸು. ನನ್ನ ಓಟೂ ಅದಕ್ಕೇ. ಕೊನೆಯಲ್ಲಿ ಮಾತಾಡಿದವನದ್ದೇ ಸರಿ ಅನ್ನುವುದಾದರೆ ಪ್ರತಿ ಹೊಸ ಆಟ ಬಂದಾಗಲೂ ಕಟ್ಟಿದ್ದನ್ನೆಲ್ಲ ಕೆಡವಬೇಕಾಗುತ್ತದೆ.

ಕಹಿ ವಿಷಯವೂ ಇದೆ. ಮಾರೋವಿಂಡ್‌ನಲ್ಲಿ ಗುಲಾಮಗಿರಿ ಕಾನೂನುಬದ್ಧ. ಡ್ರೆಸ್ ಮನೆತನ ಅದರಿಂದಲೇ ಬದುಕುತ್ತದೆ. ಮೂಲ ಆಟ ಇದನ್ನು ಮುಚ್ಚಿಡಲಿಲ್ಲ, ಗುಲಾಮರನ್ನು ಗುಟ್ಟಾಗಿ ಬಿಡಿಸುವವರನ್ನೂ ತೋರಿಸಿತು. ಹಾಗಿದ್ದ ಮೇಲೆ ಡ್ರೆಸ್ ಸೀಮೆಯ ಹೊಲದಲ್ಲಿ ಸಂಕೋಲೆ ಇಲ್ಲದ ಸುಖೀ ಆಳುಗಳನ್ನು ಇಟ್ಟರೆ ಅದು ಮೋಸ. ನಾನು ಮಾಡಿದ ಒಂದು ಮನೆಯಲ್ಲಿ ಯಜಮಾನನ ಊಟದ ಮೇಜಿನ ಕೆಳಗೇ ನೆಲಮಾಳಿಗೆ ಬಾಗಿಲು. ಅದರ ಕೀಲಿ ಇಟ್ಟಿದ್ದು ಮಕ್ಕಳ ಕೋಣೆಯಲ್ಲಿ. ಯಾರೂ ಏನೂ ಹೇಳುವುದಿಲ್ಲ. ಹುಡುಕಿದವರಿಗೆ ಸಿಗುತ್ತದೆ.

ಹೊಸ ದೇವರು, ಹೊಸ ಖಡ್ಗ, ಹೊಸ ಭವಿಷ್ಯವಾಣಿ ಎಲ್ಲರ ಹತ್ತಿರವೂ ಇರುತ್ತವೆ. ಊರಿನ ಮಜ್ತೆ ಹೆಂಡಕ್ಕೆ ಉಪ್ಪಕ್ಕಿ ಎಲ್ಲಿ ಬೆಳೆಯುತ್ತದೆ, ದೋಣಿಯಲ್ಲಿ ಯಾರು ತರುತ್ತಾರೆ, ಸುಂಕ ಯಾರಿಗೆ ಅಂತ ಯೋಚಿಸಿ ಬರುವವರು ಕಡಿಮೆ. ನಮಗೆ ಬೇಕಾಗಿರುವುದು ಅವರೇ.

ಆಡಬೇಕು ಅನ್ನುವವರಿಗೆ: ಮೂಲ ಆಟ, ಅದರ ಎರಡೂ ವಿಸ್ತರಣೆಗಳು ನಿಮ್ಮ ಬಳಿ ಇರಬೇಕು. ಓಪನ್‌ಎಂಡಬ್ಲ್ಯೂ ಅನ್ನುವ ಉಚಿತ ಎಂಜಿನ್ ಹಾಕಿಕೊಂಡರೆ ಹಳೇ ಲ್ಯಾಪ್‌ಟಾಪ್‌ನಲ್ಲೂ, ಲಿನಕ್ಸ್‌ನಲ್ಲೂ ಓಡುತ್ತದೆ. ಟ್ಯಾಮ್ರಿಯಲ್ ಡೇಟಾ ಅನ್ನುವ ಕಡತವನ್ನು ಮರೆಯದೆ ಇಳಿಸಿಕೊಳ್ಳಿ, ಅದಿಲ್ಲದಿದ್ದರೆ ಏನೂ ಕೆಲಸ ಮಾಡುವುದಿಲ್ಲ. ಮೊದಲು ದ್ವೀಪದಲ್ಲಿ ಒಂದಷ್ಟು ದಿನ ಅಲೆಯಿರಿ. ಆಮೇಲೆ ವಿವೆಕ್ ನಗರಕ್ಕೆ ಹೋಗಿ ದಕ್ಷಿಣಕ್ಕೆ ಮುಖ ಮಾಡಿ ನೀರಿಗೆ ಇಳಿಯಿರಿ. ಮೂಲ ಆಟದಲ್ಲಿ ಆ ದಿಕ್ಕಿನಲ್ಲಿ ಬರೀ ಸಮುದ್ರ. ಈಗ ಈಜುತ್ತಾ ಹೋದರೆ ದಡ ಸಿಗುತ್ತದೆ. ನೀರಿನಲ್ಲಿ ಕಚ್ಚುವ ಮೀನುಗಳಿವೆ, ಕೈಯಲ್ಲಿ ಒಂದು ಈಟಿ ಇರಲಿ.